ಎರಡೂ ಪುಸ್ತಕ ಹೇಳದ ಮಾತು

ಅಕ್ಕೋರ ಕೆಳದುಟಿ ಸದಾ ಒಡೆದಿರುತ್ತಿತ್ತು. ನಾಲ್ಕು ಜನರೆದುರು ಮಾತಾಡಬೇಕಾದಾಗ ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದರು. ಸಣ್ಣಗೆ ರಕ್ತ ಜಿನುಗುತ್ತಿತ್ತು.

ಯಲವಿಗಿ ಹತ್ತಿರದ ನಮ್ಮೂರ ಶಾಲೆಗೆ ಅವರು ಶಿಕ್ಷಕಿ, ನಮ್ಮ ಕೇರಿಯವರೇ. ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಕೇರಿಯ ಬಾವಿ ಬತ್ತಿತು. ಊರ ಬಾವಿಯಿಂದ ದೂರದಲ್ಲಿ ಕೊಡ ಇಟ್ಟು, ಯಾರಾದರೂ ಸೇದಿ ಹೊಯ್ದಾರೆಂದು ನಾವು ಮಧ್ಯಾಹ್ನದವರೆಗೆ ಕಾಯುತ್ತಿದ್ದೆವು.

ಅಕ್ಕೋರ ಬಳಿ ಎರಡು ಪುಸ್ತಕಗಳಿದ್ದವು. ಎರಡೂ ಅಮೆರಿಕದ ಕರಿಯರ ನಾಯಕನೊಬ್ಬ ದೊಡ್ಡ ಜನಸಾಗರದೆದುರು ಮಾಡಿದ ಭಾಷಣದ ಕುರಿತಾದವು. ದಪ್ಪನೆಯದು ಹುಬ್ಬಳ್ಳಿಯಲ್ಲಿ ಕೊಂಡದ್ದು, ತೆಳ್ಳನೆಯದು ಹಾನಗಲ್ಲಿನ ಗೆಳತಿ ಕೊಟ್ಟದ್ದು. ಸಂಜೆ ಎರಡನ್ನೂ ಪಕ್ಕಪಕ್ಕ ತೆರೆದಿಟ್ಟು, ಅವರ ಶಾಲೆಯ ಹುಡುಗಿಯಾದ ನನಗೆ ಕನ್ನಡದಲ್ಲಿ ಹೇಳುತ್ತಿದ್ದರು. ಅವನು ಮೊದಲೇ ಬರೆದು, ಒಂದೊಂದು ಶಬ್ದ ತೂಗಿಟ್ಟಿದ್ದ ಎನ್ನುತ್ತಿತ್ತು ದಪ್ಪ ಪುಸ್ತಕ. ಕೊನೆಗೆ ಕಾಗದ ಬಿಟ್ಟು ಮಾತಾಡಿದ ಎನ್ನುತ್ತಿತ್ತು ತೆಳ್ಳನೆಯದು.

“ಯಾವುದು ಖರೇ ಇರಬೇಕವ್ವಾ? ನನಗಂತೂ ಕಾಗದ ಇಲ್ದ ನಾಲಗಿ ಹೊರಳೂದಿಲ್ಲ,” ಎನ್ನುತ್ತಿದ್ದರು.

ಚಾವಡಿಯಲ್ಲಿ ಊರ ಹಿರಿಯರು ಕೂಡಿದ ದಿನ, ನೀರು ಕೇಳಲು ಬರೆದುಕೊಂಡೇ ಹೋದರು. ಎರಡು ಸಾಲು ಓದುವಷ್ಟರಲ್ಲಿ ಯಾರೋ ನಕ್ಕರು. “ಪಾಠ ಸಾಲ್ಯಾಗ ಓದ್ರಿ ಅಕ್ಕೋರ!”

ಅಕ್ಕೋರು ಕಾಗದ ಮಡಚಿದರು. “ನಮ್ಮ ತಮ್ಮನ ಕೂಸಿಗೆ ವಾಂತಿ-ಭೇದಿ ಹತ್ತೇತ್ರಿ. ಕುಡಸಾಕ ನೀರಿಲ್ಲ. ಕೈ ಮುಗೀತೇನ್ರಿ, ನಮಗೂ ಸೇದಾಕ ಬಿಡ್ರಿ.”

ಹಿರಿಯರು ಒಬ್ಬೊಬ್ಬರೇ ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೋದರು.

ಕೂಸು ಆ ವಾರವೇ ತೀರಿಕೊಂಡಿತು. ಮಳೆ ಬೀಳುವ ಮೊದಲೇ ಅಕ್ಕೋರಿಗೆ ಹಂಸಭಾವಿಗೆ ವರ್ಗವಾಯಿತು. ಟ್ರಂಕಿಗೆ ಪುಸ್ತಕ ತುಂಬುತ್ತ ಅಂದರು: “ಬರದದ್ದೂ ಓದಿದೆ, ಬಿಟ್ಟೂ ಮಾತಾಡಿದೆ. ಕೇಳಿದವರು ಸುಮ್ನ ಎದ್ದು ಹೋದ್ರ ಏನ್ ಮಾಡಬೇಕಂತ ಎರಡ್ರಾಗೂ ಬರದಿಲ್ಲ ನೋಡು.”

ಕೆಲವು ವರ್ಷಗಳ ನಂತರ ಅವರಿಗೆ ಕಾಮಣಿಯಾಗಿದೆ ಎಂದು ತಿಳಿದು ಹಂಸಭಾವಿಗೆ ಓಡಿದೆ. ಕಣ್ಣುಗಳು ಅರಿಶಿನದಂತಾಗಿದ್ದವು.

“ಬಾವಿ ಬಿಟ್ರೇನ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಇಲ್ರಿ ಅಕ್ಕೋರ.”

ಅವರು ನನ್ನ ಮುಂಗೈ ಹಿಡಿದರು. ಹಿಡಿತದಲ್ಲಿ ಬಲವೇ ಇರಲಿಲ್ಲ. “ಹಂಗಾರ ಇನ್ ಮ್ಯಾಲೆ ನೀ ಕೇಳವ್ವಾ.”

ಮರುದಿನ ಹೋಗಿಬಿಟ್ಟರು. ಮಣ್ಣು ಮುಗಿಸಿ ಊರಿಗೆ ಬಂದವಳು ಮನೆಗೆ ಹೋಗಲಿಲ್ಲ. ಚಾವಡಿಯ ಮುಂದೆ ಹೋಗಿ ನಿಂತೆ. ಹಿರಿಯರು ತಲೆಯೆತ್ತಿದರು.

“ನೀರ್ ಕೇಳಾಕ ಬಂದೇನ್ರಿ,” ಎಂದೆ.