ಮೂವರು ಹೆಂಡಿರ ಬ್ರಹ್ಮಚಾರಿ

ನೆಲ್ಡನ್ ಒಕರ್ಲುಂಡನಿಗೆ ಐವತ್ತೆರಡು ವರ್ಷ, ಮದುವೆಯಾಗಿಲ್ಲ. ಆದರೆ ಅವನ ಮೂವರು ಹೆಂಡಿರ ಫೋಟೋ ಅರ್ಧ ಅಮೆರಿಕದವರ ಹತ್ತಿರ ಇದೆ.

ಯೂಟಾದ ದಕ್ಷಿಣದಲ್ಲಿ, ಕೆಂಪು ಬಂಡೆ ನೋಡಲು ಹೋಗುವವರ ಹೆದ್ದಾರಿ ಬದಿಯಲ್ಲಿ ಅವನದೊಂದು ಪೀಚ್ ಹಣ್ಣಿನ ಅಂಗಡಿ. ಅರ್ವಿಲ್ಲಾ, ಥೋರಾ, ರೀವಾ ಅಲ್ಲಿ ಹಣ್ಣು ಆರಿಸುತ್ತಾರೆ, ಪೈ ಮಾಡಿ ಮಾರುತ್ತಾರೆ. ಮೂವರೂ ಅವನ ಒಡಹುಟ್ಟಿದ ಅಕ್ಕಂದಿರು, ಮೂವರೂ ಮದುವೆಯಾಗದವರು, ಮೂವರಿಗೂ ಅವನದೇ ಮೂಗು. ಬಸ್ಸಿನಿಂದ ಇಳಿದವರು ಮೂಗು ನೋಡುವುದಿಲ್ಲ. ಹಿಂದೊಂದು ಕಾಲದಲ್ಲಿ ಹಲವು ಹೆಂಡಿರನ್ನು ಕಟ್ಟಿಕೊಳ್ಳುತ್ತಿದ್ದ ಮಾರ್ಮನ್ ಕ್ರೈಸ್ತರ ಊರು, ಒಬ್ಬ ಗಂಡಸು, ಮೂವರು ಹೆಂಗಸರು. ಅವರಿಗೆ ಅಷ್ಟು ಸಾಕು.

ಕೆಲವರು ನಮ್ಮ ಮಾರ್ಮನ್ನರನ್ನು, ಕರೆಂಟು ಮೋಟಾರು ಮುಟ್ಟದೆ ಕುದುರೆಗಾಡಿಯಲ್ಲೇ ಓಡಾಡುವ ಆಮಿಷ್ ಪಂಥದ ಜನರ ಜೊತೆ ಕಲಸಿಬಿಡುತ್ತಾರೆ. "ನಿಮ್ಮಲ್ಲಿ ಕರೆಂಟ್ ಬಳಸಬಹುದಾ?" ಎಂದು ಒಬ್ಬಳು ಥೋರಾಳನ್ನು ಕೇಳಿದ್ದಳು, ಥೋರಾ ಫ್ಯಾನಿನ ಮುಂದೆ ಕೂತಿದ್ದಾಗ. ಇನ್ನೊಬ್ಬ ಮಹಾಶಯ ತನ್ನ ಫೋಟೋ ಕೆಡುತ್ತದೆ ಎಂದು ನೆಲ್ಡನ್‌ನ ಟ್ರಕ್ಕನ್ನೇ ಸರಿಸಲು ಹೇಳಿದ. ನೆಲ್ಡನ್ ಸರಿಸಿದ. ಅಂಥ ಮೆತ್ತಗಿನ ಪ್ರಾಣಿ ಅವನು. ನಾನಾಗಿದ್ದರೆ ಟ್ರಕ್ಕನ್ನು ಆ ಮಹಾಶಯನ ಕಾಲ ಮೇಲೇ ಹತ್ತಿಸುತ್ತಿದ್ದೆ.

ಹೋದ ಬೇಸಿಗೆಯಲ್ಲಿ ನನ್ನ ಮನೆಯ ಮಹಡಿ ಕೋಣೆಗೆ ಲೋರ್ನಾ ಹ್ಯಾಸ್ಕೆಟ್ ಬಾಡಿಗೆಗೆ ಬಂದಳು. ನೆಬ್ರಾಸ್ಕಾದ ವಿಧವೆ, ಬಂಡೆಗಳ ಚಿತ್ರ ಬರೆಯುವವಳು, ಓದಿಕೊಂಡವಳು. ದಿನಾ ಪೀಚ್ ತರಲು ಹೋಗುತ್ತಿದ್ದಳು. ಒಬ್ಬಳೇ ಅಷ್ಟು ಪೀಚ್ ತಿನ್ನಲಾರಳು ಎಂಬುದು ನಮಗೆ ಬೇಗ ಅರ್ಥವಾಯಿತು. ನೆಲ್ಡನ್ ಅಂಗಿಗೆ ಇಸ್ತ್ರಿ ಹಾಕತೊಡಗಿದ. ನಮ್ಮ ಧರ್ಮದಲ್ಲಿ ಕಾಫಿ ನಿಷಿದ್ಧ (ಬಕೆಟ್ಟಿನಷ್ಟು ಸೋಡಾ ಕುಡಿಯುತ್ತೇವೆ, ಆ ಮಾತು ಬೇರೆ). ಜನ್ಮದಲ್ಲಿ ಕಾಫಿ ಮುಟ್ಟದವನು ಅವಳಿಗಾಗಿ ಪೇಟೆಯಿಂದ ಒಂದು ಕಾಫಿ ಪಾತ್ರೆ ತಂದ. ಅಕ್ಕಂದಿರು ಮನೆಗೆ ಹಾವು ಹೊಕ್ಕಂತೆ ಅದನ್ನು ನೋಡಿದರು, ಆದರೂ ಒಲೆಯ ಪಕ್ಕ ಜಾಗ ಮಾಡಿಕೊಟ್ಟರು. ತಮ್ಮನಿಗೊಂದು ಸಂಸಾರವಾಗಲಿ ಎಂಬ ಆಸೆ ಅವರಿಗೆ ಅಷ್ಟಿತ್ತು.

ಆಗಸ್ಟಿನಲ್ಲಿ ಅವನು ನನ್ನ ಜಗಲಿಯಲ್ಲೇ ಅವಳನ್ನು ಮದುವೆಗೆ ಕೇಳಿದ. ನಾನು ಒಳಗೆ ಬೀನ್ಸ್ ಬಿಡಿಸುತ್ತಿದ್ದೆ. ಕಿವಿಗೆ ಅಗುಳಿ ಹಾಕಲಾಗುತ್ತದೆಯೇ?

"ನಿಮ್ಮನ್ನ ಕಂಡ್ರೆ ನಂಗಿಷ್ಟ ನೆಲ್ಡನ್," ಎಂದಳು ಲೋರ್ನಾ. "ನಿಮ್ಮ ಪದ್ಧತೀನ ಹೀಗಳೆಯೋಳು ನಾನಲ್ಲ. ಆದ್ರೆ ನಾಲ್ಕನೇವಳಾಗಿ ಬರೋಕೆ ನನ್ನ ಕೈಲಾಗಲ್ಲ."

"ಅವ್ರು ನನ್ನ ಅಕ್ಕಂದಿರು ಕಣ್ರೀ."

"ಗೊತ್ತು ಬಿಡಿ. ಭಾನುವಾರ ನಿಮ್ಮ ಚರ್ಚಿಗೆ ಬಂದಿದ್ನಲ್ಲ. ಅಲ್ಲಿ ಹೆಂಗಸ್ರನ್ನೆಲ್ಲ ಅಕ್ಕ ಅಂತಾನೇ ಕರೀತೀರಿ. ಬಿಷಪ್ಪು ತಮ್ಮ ಹೆಂಡ್ತೀನೂ ಅಕ್ಕ ಅಂದ್ರು."

ಅದೇನೋ ನಿಜ. ಚರ್ಚಿನಲ್ಲಿ ನಾವೆಲ್ಲ ಅಕ್ಕಂದಿರು, ಅಣ್ಣಂದಿರೇ.

"ಒಂದೇ ಹೊಟ್ಟೇಲಿ ಹುಟ್ಟಿದವ್ರು ನಾವು. ನಾಲ್ಕು ಜನಕ್ಕೂ ಒಂದೇ ಮನೆತನದ ಹೆಸ್ರು," ಎಂದ ನೆಲ್ಡನ್.

"ನಾನೂ ಅದನ್ನೇ ಹೇಳ್ತಿರೋದು. ಮೂವರೂ ನಿಮ್ಮ ಹೆಸ್ರೇ ಇಟ್ಕೊಂಡಿದಾರೆ."

ನನಗೆ ತಡೆಯಲಾಗಲಿಲ್ಲ, ಹೊರಗೆ ಬಂದೆ. "ಆ ಪದ್ಧತಿ ಬಿಟ್ಟು ನೂರು ವರ್ಷದ ಮೇಲಾಯ್ತು ಕಣಮ್ಮ. ಈಗ ಎರಡನೇವಳನ್ನ ಕಟ್ಕೊಂಡ್ರೆ ಚರ್ಚಿನವ್ರೇ ಹೊರಗೆ ಹಾಕ್ತಾರೆ. ಇವನಿಗೆ ಒಬ್ಳೂ ಸಿಕ್ಕಿಲ್ಲ. ಹೋಗಿ ಆ ಮೂರು ಮೂಗು ನೋಡ್ಕೊಂಡು ಬಾ."

ಹೋಗಿ ನೋಡಿದಳು. ಅರ್ವಿಲ್ಲಾ ಸೊಂಟದ ಮೇಲೆ ಕೈಯಿಟ್ಟು, "ಹೆಂಡ್ತಿ ಆಗಿದ್ರೆ ಇಷ್ಟು ವರ್ಷ ಇವನ ಕಾಲುಚೀಲ ಒಗೀತಿದ್ನಾ? ಯಾವತ್ತೋ ಬಿಟ್ಟು ಹೋಗ್ತಿದ್ದೆ," ಎಂದಳು. ಲೋರ್ನಾ ನಂಬಿದಳು. ನಂಬಿದ್ದೇ ಎಡವಟ್ಟಾಯಿತು.

ಸಂಜೆ ನೋಡಿದರೆ ಪೆಟ್ಟಿಗೆ ತುಂಬುತ್ತಿದ್ದಾಳೆ. "ಯಾರೂ ಒಪ್ಪದ ಗಂಡು, ಅಕ್ಕಂದಿರ ಕೈಯಡುಗೆ," ಎಂದಳು ನನಗೆ. "ಅಂಥೋರು ನಮ್ಮೂರಲ್ಲೇ ಬೇಕಾದಷ್ಟಿದಾರೆ."

ನನಗೆ ಮೈಯೆಲ್ಲ ಉರಿಯಿತು. ಎಂಥ ಉದಾರ ಮನಸ್ಸು ನೋಡಿ. ಮೂವರು ಹೆಂಡಿರಿದ್ದದ್ದನ್ನು ಕ್ಷಮಿಸಿದ್ದಳು, ಒಬ್ಬಳೂ ಇಲ್ಲದ್ದನ್ನು ಕ್ಷಮಿಸಲಿಲ್ಲ.

ಮರುವಾರ ನಾನು ಪೈ ತರಲು ಹೋಗಿದ್ದಾಗ ಒಂದು ಬಸ್ಸು ಬಂದು ನಿಂತಿತು. ಟೋಪಿ ಹಾಕಿದ ಒಬ್ಬ ಕಣ್ಣು ಮಿಟುಕಿಸಿ, "ಎಷ್ಟು ಜನ ಹೆಂಡ್ತೀರು ಯಜಮಾನ್ರೇ?" ಎಂದು ಕೇಳಿದ. ನೆಲ್ಡನ್ ಎಂದೂ ಸುಳ್ಳಾಡಿದವನಲ್ಲ. ಪೀಚ್ ತೂಗುತ್ತಾ, ತಲೆಯೆತ್ತದೆ ಹೇಳಿದ:

"ಮೂವರು. ನಾಲ್ಕನೇವಳಿಗೆ ಅಂತ ಕಾಫಿ ಪಾತ್ರೆ ತಂದಿಟ್ಟಿದ್ದೆ. ಅವಳು ಬರ್ಲಿಲ್ಲ."

ಟೋಪಿಯವನು ನಗುತ್ತಾ ಕ್ಯಾಮೆರಾ ಎತ್ತಿದ. ಅರ್ವಿಲ್ಲಾ ಪೈ ಕಟ್ಟುವುದನ್ನು ಬಿಟ್ಟು ಬಂದು ತಮ್ಮನಿಗೆ ಒತ್ತಿಕೊಂಡು ನಿಂತಳು.