ಸೌದೆ ರಾಶಿಯ ಹಾವುರಾಣಿ

ನಾನು ಚಿಕ್ಕವನಿದ್ದಾಗ, ಅಂದರೆ ಒಂಬತ್ತು ತುಂಬಿ ಹತ್ತಕ್ಕೆ ಬಿದ್ದಿದ್ದಾಗ, ಸಿದ್ಧಾರ್ಥನಗರದಲ್ಲಿ ನಮ್ಮದೊಂದು ಹಂಚಿನ ಮನೆ. ಹಿತ್ತಲಿನಲ್ಲಿ ಬಚ್ಚಲುಮನೆ, ಅದರ ಗೋಡೆಗೆ ಒರಗಿಸಿ ಪೇರಿಸಿದ ಸೌದೆ ರಾಶಿ. ಬೆಳಿಗ್ಗೆ ಎದ್ದು ಹಂಡೆಯ ಒಲೆಗೆ ಉರಿ ಹಾಕುವ ಕೆಲಸ ಅಕ್ಕನದು. ಹೊಗೆ, ಸೀಗೆಪುಡಿ, ಒದ್ದೆ ತೊಗಟೆ ಎಲ್ಲ ಬೆರೆತ ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ.

ಒಂದು ಭಾನುವಾರ ಸೌದೆ ಎಳೆಯಲು ಹೋದ ಅಕ್ಕ ಕಿಟಾರನೆ ಕಿರುಚಿದಳು. ಅವಳ ಬರಿಗಾಲಿನ ಪಕ್ಕದಲ್ಲೇ ಒಂದು ಹಾವುರಾಣಿ ಹರಿದು ಸೌದೆಯೊಳಗೆ ನುಗ್ಗಿತ್ತು. ಹಾವುರಾಣಿ ಹಲ್ಲಿಯ ಜಾತಿಯದು. ಗಿಡ್ಡ ಕಾಲು, ಎಣ್ಣೆ ಹಚ್ಚಿದಂತೆ ಮಿರಮಿರ ಮಿಂಚುವ ಕಂದು ಮೈ. ಅದಕ್ಕೆ ಹಾವಿಗಿಂತ ಹೆಚ್ಚು ವಿಷ ಎಂದು ನಮ್ಮ ಬೀದಿಯವರೆಲ್ಲ ನಂಬಿದ್ದರು. ಅಪ್ಪನೂ ನಂಬಿದ್ದರು.

"ಊಟ ಆದ್ಮೇಲೆ ಸೌದೆ ಎಲ್ಲಾ ತೆಗ್ದು ಹೊಡ್ದಾಕ್ಬುಡ್ತೀನಿ. ದಿನಾ ಮಗಳು ಕೈ ಹಾಕೋ ಜಾಗ ಅದು" ಎಂದರು.

ಆ ಹಾವುರಾಣಿಯನ್ನು ನಾನು ಎಷ್ಟೋ ದಿನದಿಂದ ಕದ್ದು ನೋಡುತ್ತಿದ್ದೆ, ಯಾರಿಗೂ ಹೇಳಿರಲಿಲ್ಲ. ಅದಕ್ಕೆ ವಿಷವಿಲ್ಲ ಎಂದು ಲೈಬ್ರರಿಯ ಮಕ್ಕಳ ವಿಭಾಗದಲ್ಲಿದ್ದ ಪ್ರಾಣಿಗಳ ಪುಸ್ತಕವೊಂದರಲ್ಲಿ ಓದಿಯೂ ಇದ್ದೆ. ಅಪ್ಪನಿಗೆ ಹೇಳಿದರೆ "ಎಲ್ಲಿ, ತೋರಿಸು" ಎಂದರು. ತೋರಿಸಿಯೇ ತೀರುತ್ತೇನೆ ಎಂದು ತಿಂಡಿಯನ್ನೂ ತಿನ್ನದೆ ಹೊರಟೆ. ನನ್ನನ್ನು ಅಕ್ಕ ಹಠಮಾರಿ ಕತ್ತೆ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ.

ಬಿಸಿಲಲ್ಲಿ ಅಷ್ಟು ದೂರ ನಡೆದು ಹೋದರೆ, ಚಿತ್ರವಿರುವ ಪುಸ್ತಕ ಮನೆಗೆ ಕೊಡುವಂತಿಲ್ಲ ಎಂದುಬಿಟ್ಟರು ಲೈಬ್ರರಿಯವರು. ಮಕ್ಕಳು ಚಿತ್ರಗಳನ್ನು ಕತ್ತರಿಸಿಕೊಳ್ಳುತ್ತಿದ್ದರಂತೆ. ನಾನು ಮೇಜಿನ ಮುಂದಿನಿಂದ ಕದಲಲಿಲ್ಲ. ಕೊನೆಗೆ ಅವರೇ ಒಂದು ಬಿಳಿ ಹಾಳೆ, ಪೆನ್ಸಿಲ್ ಕೊಟ್ಟು, "ಬರ್ಕೊಂಡು ಹೋಗಪ್ಪ" ಎಂದರು. ಹಳೆ ಕಾಗದದ ಮುಗ್ಗಲು ವಾಸನೆಯ ನಡುವೆ ಕೂತು ಒಂದಕ್ಷರ ಬಿಡದೆ ಆ ಪುಟವನ್ನು ನಕಲು ಮಾಡಿದೆ. ಚಿತ್ರವನ್ನೂ ಬರೆದೆ, ಅದು ಮೊಸಳೆಯ ಹಾಗೆ ಬಂತು.

ಓಡೋಡಿ ಬರುವಷ್ಟರಲ್ಲಿ ಅಪ್ಪ ಪಂಚೆ ಎತ್ತಿ ಕಟ್ಟಿ ಅರ್ಧ ರಾಶಿ ತೆಗೆದಾಗಿತ್ತು. ಪಕ್ಕದಲ್ಲಿ ಕೋಲು ಸಿದ್ಧವಿತ್ತು. ನಾನು ಉಳಿದ ಸೌದೆಗೆ ಬೆನ್ನು ಕೊಟ್ಟು ನಿಂತು ಹಾಳೆ ಚಾಚಿದೆ. ಅಪ್ಪ ಅಚ್ಚುಕೂಟದಲ್ಲಿ ಪ್ರೂಫ್ ತಿದ್ದುವ ಕೆಲಸದಲ್ಲಿದ್ದರು. ಯಾವ ಕಾಗದ ಕೊಟ್ಟರೂ ಕೆಂಪು ಪೆನ್ನಿಲ್ಲದೆ ಓದುವವರಲ್ಲ. ಅಕ್ಕನ ಕೈಲಿ ಪೆನ್ನು ತರಿಸಿಕೊಂಡು, ಮೊದಲು ಕಾಗುಣಿತದ ಎರಡು ತಪ್ಪು ತಿದ್ದಿದರು.

"ಅಚ್ಚಾದದ್ದೆಲ್ಲ ಸರಿ ಇದ್ದಿದ್ರೆ ನನಗ್ಯಾಕೋ ಕೆಲಸ ಕೊಡ್ತಿದ್ರು? ಮೂಲಪ್ರತಿ ಪಕ್ಕದಲ್ಲಿಟ್ಟು ಹೋಲಿಸಿ ನೋಡ್ದೆ ನಾನು ಒಂದು ಸಾಲನ್ನೂ ಒಪ್ಪಲ್ಲ ಕಣೋ" ಎಂದರು.

ನನ್ನ ಕಣ್ಣಲ್ಲಿ ನೀರು ತುಂಬಿತ್ತು. ಆದರೂ ಜಾಗ ಬಿಡಲಿಲ್ಲ. "ಈ ಪುಸ್ತಕದ ಮೂಲಪ್ರತಿ ಸೌದೆ ಕೆಳಗೇ ಇದೆ ಅಪ್ಪ. ಹೊಡ್ದಾಕ್ಬುಟ್ರೆ ಯಾವ್ದರ ಜೊತೆ ಹೋಲಿಸ್ತೀರಾ?" ಎಂದೆ.

ಅಪ್ಪ ಬಕೆಟ್ಟನ್ನು ಬೋರಲು ಹಾಕಿ, ಅದು ಹೊರಗೆ ಬರಲೆಂದು ಕಾಯುತ್ತ ಕೂತರು. ನಾನೂ ಅಕ್ಕನೂ ಬಚ್ಚಲುಮನೆಯ ಹೊಸ್ತಿಲ ಮೇಲೆ ಕೂತೆವು. ತುಂಬ ಹೊತ್ತಾದ ಮೇಲೆ ಹಾವುರಾಣಿ ಹೊರಗೆ ಬಂದು, ಒಗೆಯುವ ಕಲ್ಲಿನ ಮೇಲೆ ಬಿಸಿಲಿಗೆ ಮೈ ಚೆಲ್ಲಿತು. ಅಪ್ಪ ನನ್ನ ಹಾಳೆಯಲ್ಲಿ ಬಿಸಿಲು ಕಾಯಿಸುತ್ತದೆ ಎಂಬ ಸಾಲಿಗೆ ಸರಿ ಗುರುತು ಹಾಕಿದರು. ಹಾವುರಾಣಿ ಜಿರಲೆಯೊಂದನ್ನು ಹಿಡಿದು ನುಂಗಿತು, ಹುಳ ತಿನ್ನುತ್ತದೆ ಎಂಬ ಸಾಲಿಗೆ ಇನ್ನೊಂದು ಗುರುತು. ಅಷ್ಟರಲ್ಲಿ ಅಕ್ಕ ಸೀನಿದಳು. ಹಾವುರಾಣಿ ಸರ್ರನೆ ಓಡಿ ಅಡಗಿತು. ಮನುಷ್ಯರಿಗೆ ಹೆದರುತ್ತದೆ ಎಂಬ ಸಾಲಿಗೂ ಗುರುತು ಬಿತ್ತು. ವಿಷವಿಲ್ಲ ಎಂಬ ಸಾಲಿನ ಹತ್ತಿರ ಮಾತ್ರ ಪೆನ್ನು ನಿಂತುಹೋಯಿತು.

"ನೋಡ್ದೇ ಇರೋದಕ್ಕೆ ಗುರುತು ಹಾಕಕ್ಕಾಗಲ್ಲ ಕಣೋ. ಆದ್ರೆ ಗೊತ್ತಿಲ್ದೇ ಹೊಡೆಯಕ್ಕೂ ಆಗಲ್ಲ" ಎಂದು ಅಪ್ಪ ಸೌದೆಯನ್ನು ಮತ್ತೆ ಪೇರಿಸತೊಡಗಿದರು. ನನಗಾದ ಸಂತೋಷ ಹೇಳತೀರದು. ಅಂದಿನಿಂದ ಅಕ್ಕ ಸೌದೆಯನ್ನು ಎರಡು ಸಲ ತಟ್ಟಿ ಆಮೇಲೆ ಎಳೆಯುತ್ತಿದ್ದಳು.

ಮೊಮ್ಮಕ್ಕಳೇ, ನಿಮಗೆ ಸೌದೆಯೂ ಗೊತ್ತಿಲ್ಲ, ಹಂಡೆಯೂ ಗೊತ್ತಿಲ್ಲ. ಸ್ವಿಚ್ ಹಾಕಿದರೆ ಬಿಸಿನೀರು. ನಿಮ್ಮ ಕಪಾಟಿನ ತುಂಬ ನುಣುಪು ಹಾಳೆಯ ಪ್ರಾಣಿ ಪುಸ್ತಕಗಳು. ಪೆಂಗ್ವಿನ್ ಮೊಟ್ಟೆಗೆ ಯಾರು ಕಾವು ಕೊಡುತ್ತಾರೆ ಎಂದು ನೀವು ನನಗೇ ಪಾಠ ಹೇಳುತ್ತೀರಿ. ನನಗೆ ಹೆಮ್ಮೆ, ಸ್ವಲ್ಪ ಹೊಟ್ಟೆಕಿಚ್ಚು ಕೂಡ. ಹಾವುರಾಣಿಗೆ ವಿಷವೇ ಇಲ್ಲ ಎಂದು ನಿಮ್ಮ ಪುಸ್ತಕದಲ್ಲೂ ಇದೆ, ನೀವೇ ನನಗೆ ಓದಿ ಹೇಳಿದ್ದೀರಿ. ಆದರೂ ಹೋದ ವಾರ ವಾಷಿಂಗ್ ಮೆಷಿನ್ ಹಿಂದೆ ಒಂದು ಕಂಡಾಗ ನಿಮ್ಮ ಅಪ್ಪ ಪೊರಕೆ ತಂದ, ನೀವು ಮಂಚ ಹತ್ತಿ ನಿಂತಿರಿ. ನಾನು ಮಂಡಿ ನೋವು ಮರೆತು ಎದ್ದು ಬಂದು ಪೊರಕೆಗೆ ಅಡ್ಡ ನಿಂತೆ. ಅದು ಬದುಕಿತು.

ಮುಂದಿನ ಸಲ ನಾನು ಏಳುವುದು ತಡವಾಗಬಹುದು. ಆಗ ನೀವು ಮಂಚದಿಂದ ಇಳಿಯಬೇಕು.