ರುಚಿ ನೋಡದೆ ಯಾರೂ ಹೋಗುವಂತಿಲ್ಲ

ತೆಲುಗು ಸೀಮೆಯ ತಾರ್ನಾಕದಲ್ಲಿರುವ ನಮ್ಮ ರೊಟ್ಟಿ ಅಂಗಡಿಯಲ್ಲಿ ಒಂದು ಕಾಯ್ದೆ ಉಂಟು. ಮಾಡಿದವರು ನಮ್ಮ ಅತ್ತೆ. ಯಾರೇ ಬರಲಿ, ಅಂಗೈ ಚಾಚಬೇಕು. ಅತ್ತೆ ಅದರ ಮೇಲೆ ಒಂದಿಷ್ಟು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಇಟ್ಟು, ನಡುವೆ ಬೆರಳಿನಿಂದ ಕುಣಿ ಮಾಡಿ ಎಣ್ಣೆ ಬಿಡುತ್ತಾರೆ. ಗಿರಾಕಿ ಅದನ್ನು ನೆಕ್ಕಿ ಏನಾದರೂ ಹೇಳಬೇಕು. ಬರೀ "ಚಲೋ ಐತ್ರಿ" ಅಂದರೆ ನಡೆಯುವುದಿಲ್ಲ. "ನಿನ್ನಿಗಿಂತ ಹೆಂಗೈತಿ?" ಅನ್ನುತ್ತಾರೆ. ವರ್ಷಗಟ್ಟಲೆ ಅದೇ ಹಿಂಡಿ ಒಯ್ಯುವವರಿಗೂ ಬಿಡುಗಡೆ ಇಲ್ಲ.

ಅಲ್ಲಿಗೆ ಮುಗಿಯಿತೇ? ಎಣ್ಣೆ ಬೆರಳಿಗೆ ಫೋನು ತೆರೆಯುವುದಿಲ್ಲ. ಫೋನು ತೆರೆಯದೆ ದುಡ್ಡು ಬರುವುದಿಲ್ಲ. ಗಿರಾಕಿ ಕೈ ತೊಳೆಯಲು ನಲ್ಲಿಗೆ ಹೋಗುತ್ತಾನೆ, ಅಲ್ಲೊಂದು ಸಾಲು. "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂದು ಹಿರಿಯರು ಹೇಳಿದ್ದಾರೆ. ಮಾತು ಬಲ್ಲವರ ಮಾತು ಮುಗಿಯುವ ತನಕ ಹಿಂದೆ ನಿಂತವರು ಮಾಡುವ ಜಗಳದ ಬಗ್ಗೆ ಮಾತ್ರ ಯಾರೂ ಏನೂ ಹೇಳಿಟ್ಟು ಹೋಗಿಲ್ಲ.

ಒಮ್ಮೆ ನಾನು ಜಾಣತನ ಮಾಡಿ ಹಿಂಡಿಯನ್ನು ಮೊದಲೇ ಪೊಟ್ಟಣ ಕಟ್ಟಿಟ್ಟೆ. ಅತ್ತೆ ಒಂದೊಂದೇ ಪೊಟ್ಟಣ ಬಿಚ್ಚಿ, ರುಚಿ ತೋರಿಸಿ, ಮತ್ತೆ ಕಟ್ಟಿಕೊಟ್ಟರು. ಹೊತ್ತು ದುಪ್ಪಟ್ಟು ಹಿಡಿಯಿತು.

ಬೆಳಿಗ್ಗೆಯ ಗದ್ದಲ ಬೇರೆಯೇ. ರಸ್ತೆಯ ಮೂಲೆಯಲ್ಲಿ ಕೂಲಿಯವರನ್ನು ಮಾದಾಪುರದ ಕಟ್ಟಡಕ್ಕೆ ಒಯ್ಯುವ ಲಾರಿ ನಿಂತಿರುತ್ತದೆ. ಯಾದಗಿರಿ ಕಡೆಯ ಒಬ್ಬ ಹೆಣ್ಣುಮಗಳು ಅದನ್ನು ಹತ್ತುವ ಮೊದಲು ನಮ್ಮಲ್ಲಿ ಮಧ್ಯಾಹ್ನಕ್ಕೆ ರೊಟ್ಟಿ ಒಯ್ಯುತ್ತಾಳೆ. ಹಿಂದಿನ ವಾರ ಲಾರಿ ತಪ್ಪಿಸಿಕೊಂಡಿದ್ದಳು. ಇನ್ನೊಮ್ಮೆ ತಪ್ಪಿದರೆ ಅವಳ ಜಾಗಕ್ಕೆ ಬೇರೆಯವರನ್ನು ಹತ್ತಿಸಿಕೊಳ್ಳುವುದಾಗಿ ಮೇಸ್ತ್ರಿ ಹೇಳಿದ್ದನಂತೆ.

ಆ ದಿನ ಅವಳ ಮುಂದೆ ಇಬ್ಬರಿದ್ದರು. ಮೊದಲನೆಯವರು ಸರಕಾರಿ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರ ಹೆಂಡತಿ. ಮಗಳಿಗೆ ಹೆರಿಗೆಯಾಗಿತ್ತು. ಅತ್ತೆ ಅಂಟಿನ ಉಂಡಿ ಯಾವಾಗಿನಿಂದ ಕೊಡಬೇಕು, ಯಾಕೆ ಕೊಡಬೇಕು ಎಂದು ತಮ್ಮ ಮೊದಲ ಬಾಣಂತನದಿಂದ ಶುರು ಮಾಡಿದ್ದರು. ಎರಡನೆಯವರು ಹೆಲ್ಮೆಟ್ ತೆಗೆಯದೆ ನಿಂತ ಒಬ್ಬರು.

"ಜಲ್ದಿ ಮಾಡ್ರಿ, ಆಫೀಸಿಗೆ ಹೊತ್ತಾಗೇತಿ," ಎಂದರು ಹೆಲ್ಮೆಟ್ಟಿನವರು.

"ಆಯಿ, ಗಾಡಿ ಹೊಂಟದ," ಎಂದಳು ಹಿಂದಿನಿಂದ ಆ ಹೆಣ್ಣುಮಗಳು.

ನಾನು ಇಬ್ಬರನ್ನೂ ದಾಟಿ ಅವಳ ಕೈಗೆ ರೊಟ್ಟಿ ಕಟ್ಟು ಕೊಟ್ಟೆ. "ಓಡವ್ವ, ರೊಕ್ಕ ನಾಳೆ ಕೊಡು."

ಅತ್ತೆಗೆ ತಟ್ಟನೆ ಕಂಡಿತು. "ಏ, ಒಣಾ ರೊಟ್ಟಿ ಕೊಟ್ಟು ಕಳಸ್ತೀಯೇನ? ನೀರು ಕುಡದು ನುಂಗಬೇಕೇನ ಆಕಿ?"

"ಅತ್ಯಾರ, ಆಕಿ ಕೆಲಸ ಹೋಗತೈತಿ!"

"ಹಂಗಾದ್ರ ಲಾರಿ ನಿಂದರ್ಲಿ," ಎಂದವರೇ ಹಿಂಡಿಯ ಡಬ್ಬಿ, ಎಣ್ಣೆಯ ಗಿಂಡಿ ಹಿಡಿದು ಅವಳ ಹಿಂದೆ ಓಡಿದರು. ಅವರ ಮೊಣಕಾಲು ನೋವು ಎಲ್ಲಿ ಹೋಗಿತ್ತೋ!

ಲಾರಿ ಉರುಳತೊಡಗಿತ್ತು. ಅತ್ತೆ ಹೋಗಿ ನೇರ ಅದರ ಮುಂದೆ ನಿಂತರು. ಮೇಸ್ತ್ರಿ ಕಿಟಕಿಯಿಂದ ತಲೆ ಹೊರಹಾಕಿ, "ಅಮ್ಮಾ, ಪಕ್ಕಕು ಜರುಗು!" ಎಂದು ತೆಲುಗಿನಲ್ಲಿ ಒದರಿದ.

"ಮೊದಲ ಕೈ ಚಾಚೋ ತಮ್ಮಾ," ಎಂದರು ಅತ್ತೆ ಅಚ್ಚ ಕನ್ನಡದಲ್ಲಿ.

ಚಾಚಿದ! ಅತ್ತೆಯ ದನಿಗೆ ಯಾರಾದರೂ ಚಾಚುತ್ತಾರೆ. ಹಿಂಡಿ ಬಿತ್ತು, ಎಣ್ಣೆ ಬಿತ್ತು, ನೆಕ್ಕಿದ. ಅಷ್ಟರಲ್ಲಿ ಆ ಹೆಣ್ಣುಮಗಳು ಹಿಂದಿನಿಂದ ಹತ್ತಿ ಕೂತಾಗಿತ್ತು. ಸರಿ, ಹೋಗಬಹುದಲ್ಲ? ಇಲ್ಲ. ಲಾರಿಯಲ್ಲಿದ್ದವರೆಲ್ಲ, "ಆಯಿ, ನನಗೂ," "ನನಗೂ" ಎಂದು ಕೈ ಇಳಿಬಿಟ್ಟರು. ಅತ್ತೆ ಒಬ್ಬೊಬ್ಬರಿಗೂ ಇಡುತ್ತ, ಊರು ಯಾವುದು, ಮಕ್ಕಳನ್ನು ಯಾರ ಹತ್ತಿರ ಬಿಟ್ಟು ಬಂದಿದ್ದೀರಿ ಎಂದು ವಿಚಾರಿಸತೊಡಗಿದರು.

ನಾನು ಬಾಗಿಲಿನಿಂದ ಕೂಗಿದೆ: "ಅತ್ಯಾರ, ಬಿಡ್ರಿ ಆ ಗಾಡಿನ! ಇಲ್ಲಿ ಗಿರಾಕಿ ನಿಂತಾರ!"

"ಬಂದೆ ತಡಿ, ಡ್ರೈವರ್ ಇನ್ನೂ ಉಳದಾನ!"

ಹಾಳಾಗಿ ಹೋಗಲಿ, ಇರುವವರನ್ನಾದರೂ ಬೇಗ ಕಳಿಸೋಣ ಎಂದು ಒಳಗೆ ಬಂದು, "ಬರ್ರಿ ಅಮ್ಮಾರ, ಎಷ್ಟು ರೊಟ್ಟಿ?" ಎಂದೆ.

"ಇರ್ಲಿ ಬಿಡವ್ವ, ನಿಮ್ಮತ್ತಿ ಬರ್ಲಿ," ಎಂದರು ಆಕೆ. "ಅಂಟಿನ ಉಂಡಿ ಮಾತು ಅರ್ಧಕ್ಕ ನಿಂತೈತಿ."

"ನಿಮಗೆಷ್ಟ್ರಿ?" ಎಂದೆ ಹೆಲ್ಮೆಟ್ಟಿನವರಿಗೆ. "ಆಫೀಸಿಗೆ ಹೊತ್ತಾಗೇತಿ ಅಂದ್ರಿ."

ಅವರು ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇರುಕಿಕೊಂಡರು. "ನಮ್ಮ ಮನ್ಯಾಗೂ ಬಾಣಂತಿ ಅದಾಳ್ರಿ. ಕೇಳಿಕೊಂಡ ಹೊಕ್ಕೀನಿ."

ಹಣೆ ಹಣೆ ಬಡಿದುಕೊಳ್ಳುವ ಹಾಗಾಯಿತು ನನಗೆ.

ಅಂತೂ ಲಾರಿ ಹೊರಟಿತು, ಅವಳ ಕೆಲಸ ಉಳಿಯಿತು. ಅತ್ತೆ ಬರಿಗೈಯಲ್ಲಿ ಬಂದರು.

"ಡಬ್ಬಿ ಎಲ್ರಿ?"

"ಆಕೀಗೆ ಕೊಟ್ಟೆ. ಅಷ್ಟು ಮಂದಿ ಮಧ್ಯಾಹ್ನ ಒಣಾ ರೊಟ್ಟಿ ತಿನ್ನಬೇಕೇನ? ನಾಳೆ ಡಬ್ಬಿ ತರ್ತಾಳ."

"ಮತ್ತ ಇವರಿಗೆ?"

ಅತ್ತೆ ಸಾಲನ್ನು ನೋಡಿದರು. ಸೀರೆಯ ಸೆರಗು ಸಿಕ್ಕಿಸಿಕೊಂಡು, ಒರಳನ್ನು ಅಂಗಡಿಯ ನಡುವಿಗೆ ಎಳೆದರು.

"ಈಗ ಕುಟ್ಟಿಬಿಡ್ತೀನಿ. ಎಲ್ಲಾರೂ ಕುಂದರ್ರಿ."

ಕೂತರು, ಮಾರಾಯ್ರೇ. ಒಬ್ಬರೂ ಗೊಣಗಲಿಲ್ಲ. ಹೆಲ್ಮೆಟ್ಟಿನವರು ಶೇಂಗಾ ಸಿಪ್ಪೆ ಬಿಡಿಸಲು ಕೈ ಹಚ್ಚಿದರು.